ಕಿವಿಯಣ್ಣನ ಒಣ ಗುಂಡಿ

"ಇನ್ನೊಂದು ಗೇಣು," ಎಂದ ಕಿವಿಯಣ್ಣ.

ಗುಂಡಿಯಲ್ಲಿ ಎದೆಮಟ್ಟ ಇಳಿದಿದ್ದ, ಬಾಯಿ ಮುಚ್ಚದ್ದಕ್ಕೆ ರೇಡಿಯೋ ಎಂದೇ ಹೆಸರಾದ ಅಗೆಯುವ ಹುಡುಗಿ, ಹಾರೆಯನ್ನು ನೆಲಕ್ಕೂರಿ, ಅದರ ತುದಿಗೆ ಗದ್ದ ಇಟ್ಟು ಮೇಲೆ ನೋಡಿದಳು. "ಗೇಣು ಗೇಣು ಅಂತ ಆರು ಗೇಣು ಆಯ್ತು ಕಣಣ್ಣ. ಇನ್ನೂ ಅಗೆದ್ರೆ ಭೂಮಿ ಆ ಕಡೆಯವ್ರು, ಯಾರದು ನಮ್ಮ ನೆಲ ಕುಟ್ತಿರೋದು ಅಂತ ಎದ್ದು ಬರ್ತಾರೆ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆ ನಗು ಕಿವಿಯಣ್ಣನ ಎಡಗಿವಿಗೆ ಗಾಜಿನ ಚೂರು ಎರಚಿದ ಹಾಗೆ ಬಂದು ಬಡಿಯಿತು. ಬೀದಿಗೆ ಬೀದಿಯೇ ಬಂದು ನಿಂತಿತ್ತು. ಕ್ಷೌರದಂಗಡಿಯವನು ಒಂದೇ ಕೆನ್ನೆ ಹೆರೆಸಿಕೊಂಡಿದ್ದ ಗಿರಾಕಿಯನ್ನೂ ಜೊತೆಗೆ ಕರೆತಂದಿದ್ದ. ಆ ಗಿರಾಕಿ ನೊರೆಯ ಕೆನ್ನೆಯನ್ನು ಬಿಸಿಲಿಗೆ ಹಿಡಿದು, ಗುಂಡಿ ಮುಗಿಯುವವರೆಗೂ ಹೀಗೇ ಇದ್ದೇನೆ ಎನ್ನುವಂತೆ ನಿಂತಿದ್ದ.

ಸೋರುತ್ತಿದೆ ಎಂದು ಅಗೆಸಿದ್ದ ನೀರಿನ ಪೈಪು ಕಂಡು ಆಗಲೇ ಅರ್ಧ ಗಂಟೆಯಾಗಿತ್ತು. ಮೇಲೆ ಒಣ, ಪಕ್ಕದಲ್ಲಿ ಒಣ, ಕೆಳಗೆ ಕೈ ತೂರಿಸಿ ತಡವಿದರೆ ಅಲ್ಲೂ ಒಣ. ಅದೆಂಥ ಒಣ ಗುಂಡಿಯೆಂದರೆ, ರೇಡಿಯೋಳ ಬೆವರಿನ ಹನಿ ತಳ ಮುಟ್ಟುವ ಮೊದಲೇ ಆವಿಯಾಗಿ ವಾಪಸು ಹಣೆಗೆ ಬಂದು ಕೂರುತ್ತಿತ್ತು.

"ಬೆಳಿಗ್ಗೇನೇ ಹೇಳ್ದೆ," ಎಂದ ನೀರುಗಂಟಿ, ಬೀದಿಬೀದಿಯ ವಾಲ್ವ್ ತಿರುಗಿಸುವವನು. ಭುಜದ ಮೇಲಿದ್ದ ಉದ್ದನೆಯ ಕೀಲಿಯನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡ. "ವಾಲ್ವ್ ಮುಚ್ತೀನಿ, ಒಂದ್ಸಲ ಕೇಳಿ ನೋಡು ಅಂದೆ. ನೀರು ನಿಂತ್ರೆ ಸೋರೋ ಸದ್ದೂ ನಿಲ್ಲುತ್ತೆ. ನಿಲ್ಲಲಿಲ್ಲ ಅಂದ್ರೆ ಅದು ಬೇರೇನೋ."

"ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳಿದ್ಮೇಲೆ ವಾಲ್ವ್ ಮುಚ್ಚಿ ನೋಡಿದವರು ಯಾರಯ್ಯ? ನನ್ನ ಕಿವಿಗೆ ನೀನು ಪರೀಕ್ಷೆ ಮಾಡ್ತೀಯಾ?" ಎಂದು ಕಿವಿಯಣ್ಣ ಬೆಳಿಗ್ಗೆ ಹಾರಾಡಿದ್ದ. ಈಗ ಹಾರಾಡಲು ರೆಕ್ಕೆ ಉಳಿದಿರಲಿಲ್ಲ.

ಇಂಜಿನಿಯರಮ್ಮ ಸ್ಕೂಟರಿನಲ್ಲಿ ಬಂದರು. ವಯಸ್ಸು ಚಿಕ್ಕದು, ಮಾತು ಇನ್ನೂ ಚಿಕ್ಕದು. ಗುಂಡಿಗೆ ಬಗ್ಗಿ ನೋಡಿ, "ಈ ತಿಂಗಳಲ್ಲಿ ಇದು ಎರಡನೇದು," ಎಂದರು. "ಮುಚ್ಚಿ. ಗುರುವಾರ ಬೆಳಿಗ್ಗೆ ಇಳಿಜಾರು ರಸ್ತೆಗೆ ಬನ್ನಿ. ಕೊನೆಯ ಅರವತ್ತು ಮನೆಗೆ ನೀರು ಹೋಗ್ತಿಲ್ಲ, ಎಲ್ಲೋ ದೊಡ್ಡದಾಗಿ ಸೋರ್ತಿದೆ. ಡಾಂಬರು ಹಾಕಿ ತಿಂಗಳಾಗಿಲ್ಲ. ಒಂದೇ ಒಂದು ಕಡೆ ಅಗೆಯೋಕೆ ನನಗೆ ಅನುಮತಿ ಸಿಕ್ಕಿರೋದು. ಒಂದೇ."

"ಅದೂ ತಪ್ಪಿದ್ರೆ?" ಎಂದು ಕೇಳಿದವಳು ರೇಡಿಯೋ. ಅವಳಿಗೆ ಕೇಳದೆ ಇರಲಾಗುವುದಿಲ್ಲ.

"ಬಾಡಿಗೆಗೆ ಯಂತ್ರ ತರಿಸಬೇಕು. ಬರೋಕೆ ಹದಿನೈದು ದಿನ. ಇವರು ಉಗ್ರಾಣದಲ್ಲಿ ಕೂತು ನಲ್ಲಿ, ನಟ್ಟು ಎಣಿಸ್ಲಿ," ಎಂದು ಕಿವಿಯಣ್ಣನ ಕಡೆ ನೋಡಿ ಇಂಜಿನಿಯರಮ್ಮ ಸ್ಕೂಟರ್ ಹತ್ತಿದರು.

ಕಿವಿಯಣ್ಣನಿಗೆ ನೀರಿನ ಕಚೇರಿಯಲ್ಲಿದ್ದ ಕೆಲಸವೆಂದರೆ ಕೇಳುವುದು. ಬೇರೆಯವರು ಕೈಯಲ್ಲಿ ದುಡಿದರೆ ಅವನು ಕಿವಿಯಲ್ಲಿ ದುಡಿಯುತ್ತಿದ್ದ. ಆಳೆತ್ತರದ ಒಂದು ಕೋಲು, ಅದರ ತಲೆಗೆ ಕಿವಿ ಕೂರುವಷ್ಟು ಅಗಲದ ಮರದ ಬಟ್ಟಲು. ಕೋಲನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ ನಿಂತರೆ ನೆಲದಡಿಯಲ್ಲಿ ಎಲ್ಲಿ ಪೈಪು ಸೋರುತ್ತಿದೆ ಎಂಬುದನ್ನು ಹೇಳಿಬಿಡುತ್ತಿದ್ದ. ಆ ಕಿವಿಯ ಬಗ್ಗೆ ಊರಲ್ಲಿದ್ದ ಕಥೆಗಳು ಒಂದೆರಡಲ್ಲ. ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಬಿದ್ದು ಹತ್ತು ಸಾವಿರ ಜನ ಕೂಗುತ್ತಿದ್ದ ಹೊತ್ತಿನಲ್ಲಿ, ಗೋಲ್‌ಕೀಪರನ ಕಾಲಡಿ ಪೈಪು ಸೋರುತ್ತಿದೆ ಎಂದು ಹೇಳಿ ಆಟ ನಿಲ್ಲಿಸಿದ್ದನಂತೆ. ಅವನೆದುರು ಸುಳ್ಳು ಹೇಳಲು ಜನ ಹೆದರುತ್ತಿದ್ದರಂತೆ, ನಾಲಿಗೆಗೆ ಬರುವ ಮೊದಲೇ ಸುಳ್ಳು ಗಂಟಲಲ್ಲಿ ಹರಿದು ಬರುವುದು ಅವನಿಗೆ ಕೇಳುತ್ತದೆ ಎಂದು. ಇದರಲ್ಲಿ ಮುಕ್ಕಾಲು ಪಾಲು ಕಿವಿಯಣ್ಣನೇ ಹುಟ್ಟಿಸಿದ್ದು. ಉಳಿದ ಕಾಲು ಪಾಲು ನಿಜ, ನಂಬಲು ಕಷ್ಟವಾಗುತ್ತಿದ್ದುದು ಅದೇ.

ಆರು ತಿಂಗಳ ಹಿಂದೆ ಪಂಪಿನ ಮನೆಯ ಹತ್ತಿರ ದೊಡ್ಡ ಪೈಪಿನ ಗಾಳಿ ಬಿಡುವ ಮೂತಿಯೊಂದು ಅವನ ಎಡಗಿವಿಯ ಪಕ್ಕದಲ್ಲೇ ಕಿತ್ತುಕೊಂಡು ಹಾರಿತು. ಸಾವಿರ ಸೀಟಿ ಒಟ್ಟಿಗೆ ಊದಿದ ಹಾಗಿನ ಸದ್ದು. ಸದ್ದು ನಿಂತಿತು, ಅದರ ಬಾಲ ಮಾತ್ರ ಕಿವಿಯೊಳಗೇ ಉಳಿಯಿತು. ಸುಂಯ್ ಎಂದು, ಸಣ್ಣಗೆ, ಒಂದೇ ಸಮನೆ.

ಮೊದಮೊದಲು ಅದು ತನ್ನ ಕಿವಿಯದೆಂದು ಅವನಿಗೆ ಹೊಳೆಯಲೇ ಇಲ್ಲ. ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಹತ್ತೊಂಬತ್ತು ವರ್ಷ ಸುಂಯ್ ಎಂದದ್ದನ್ನೆಲ್ಲ ಅಗೆದು ನೀರು ತೆಗೆದವನು ಮನೆಯೊಳಗೆ ಸುಂಯ್ ಕೇಳಿದರೆ ಏನು ಮಾಡುತ್ತಾನೆ? ಕೋಲು ತಂದು ಅಡುಗೆಮನೆಯ ಗೋಡೆಗೆ ಹಚ್ಚಿದ. ಸುಂಯ್. ಉಳಿ ಸುತ್ತಿಗೆ ತಂದ. ಗಾರೆ ಹೋಯಿತು, ಇಟ್ಟಿಗೆ ಹೋಯಿತು, ಇನ್ನೊಂದು ಇಟ್ಟಿಗೆ ಹೋಯಿತು, ಆಮೇಲೆ ಪಕ್ಕದ ಮನೆಯಾಕೆಯ ಮುಖ ಕಂಡಿತು. ಈಗ ಆಕೆ ಸಕ್ಕರೆ ಸಾಲ ಕೇಳಲು ಬಾಗಿಲಿಗೆ ಬರುವುದನ್ನೇ ಬಿಟ್ಟು, ಆ ತೂತಿನಿಂದ ಬಟ್ಟಲು ಚಾಚುತ್ತಿದ್ದಳು.

ಅದರ ಹಿಂದೆಯೇ ಎರಡನೆಯ ಕಾಟ ಬಂತು. ಇದ್ದಕ್ಕಿದ್ದಂತೆ ಲೋಕದ ಸದ್ದುಗಳಿಗೆಲ್ಲ ಹಲ್ಲು ಮೂಡಿದವು. ತಟ್ಟೆಗೆ ಚಮಚ ತಾಗಿದರೆ ಹಲ್ಲಿನ ಬೇರಿಗೆ ಸೂಜಿ. ಕುರ್ಚಿ ಎಳೆದರೆ ಬೆನ್ನಹುರಿಯನ್ನೇ ಎಳೆದ ಹಾಗೆ. ಬಸ್ಸು ಬ್ರೇಕು ಹಾಕಿದರೆ ಅವನು ಅಂಗಡಿಯ ಜಗಲಿ ಹತ್ತಿ ನಿಲ್ಲುತ್ತಿದ್ದ. ಊಟದ ತಟ್ಟೆಯ ಕೆಳಗೆ ಮಡಿಸಿದ ಟವೆಲು ಬಂತು, ಕುರ್ಚಿಯ ಕಾಲಿಗೆ ಹಳೆಯ ಕಾಲುಚೀಲ ಬಂತು, ಎರಡೂ ಕಿವಿಗೆ ಹತ್ತಿ ಬಂತು. ಹತ್ತಿ ತುರುಕಿದಷ್ಟೂ ಒಳಗಿನ ಸುಂಯ್ ದಪ್ಪಗಾಗುತ್ತಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹಜಾರದಿಂದ ಅಂಗಳಕ್ಕೆ, ಅಂಗಳದಿಂದ ಹಜಾರಕ್ಕೆ, ಅವನು ನಡೆದು ನಡೆದು ಹೊಸ್ತಿಲೇ ಸವೆದು ಎರಡು ಬೆರಳು ತಗ್ಗಾಯಿತು.

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಶಾಲೆಯ ಸಮವಸ್ತ್ರದ ರಾಶಿ ಕಿಟಕಿಯ ಎತ್ತರಕ್ಕೆ ಬಿದ್ದಿತ್ತು.

"ಸ್ವಲ್ಪ ನಿಲ್ಲಿಸೇ ಅದನ್ನ!"

"ನನ್ನ ಮಿಷನ್ನಿಗೆ ಬಾಯಿ ಬಂದಿರೋದು ನಿನ್ನೆ ಮೊನ್ನೆಯಲ್ಲ ರೀ. ಇಪ್ಪತ್ತು ವರ್ಷದಿಂದ ಹೀಗೇ ಮಾತಾಡ್ತಿದೆ. ನಿಮ್ಮ ಕಿವೀಗೆ ಏನಾಗಿದೆ ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿ, ನಾನೂ ನಿಲ್ಲಿಸ್ತೀನಿ."

"ಕಿವೀಗೆ ಏನೂ ಆಗಿಲ್ಲ."

"ಏನೂ ಆಗದೇ ಇರೋರು ಗೋಡೆ ಒಡೀತಾರಾ?"

ಒಣ ಗುಂಡಿ ಮುಚ್ಚಿದ ಆ ಸಂಜೆ, ಎಲ್ಲರೂ ಹೋದ ಮೇಲೆ, ಕಿವಿಯಣ್ಣ ನೀರುಗಂಟಿಯ ತೋಳು ಹಿಡಿದು ನಿಲ್ಲಿಸಿದ. "ಒಂದ್ಸಲ ಮುಚ್ಚು ವಾಲ್ವು," ಎಂದ. ನೀರುಗಂಟಿ ಏಕೆ ಎಂದು ಕೇಳಲಿಲ್ಲ. ಕೀಲಿ ಇಳಿಸಿ ಹದಿನಾಲ್ಕು ಸುತ್ತು ತಿರುಗಿಸಿದ. ಕಿವಿಯಣ್ಣ ಬಟ್ಟಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ.

ಸುಂಯ್.

"ಪೂರ್ತಿ ಮುಚ್ಚಿದ್ಯಾ?"

"ಇನ್ನು ತಿರುಗ್ಸಿದ್ರೆ ಕೀಲಿ ಮುರೀತದೆ."

ಕಿವಿಯಣ್ಣ ಕೋಲನ್ನು ನೆಲದಿಂದ ಎತ್ತಿ ಗಾಳಿಯಲ್ಲಿ ಹಿಡಿದ. ಗಾಳಿಯೂ ಸೋರುತ್ತಿತ್ತು. ಪಕ್ಕದ ದೀಪದ ಕಂಬಕ್ಕೆ ಕೋಲು ಹಚ್ಚಿದ, ಅದೂ ಸೋರುತ್ತಿತ್ತು. ಕೊನೆಗೆ ನೀರುಗಂಟಿಯ ಎದೆಗೆ ಹಚ್ಚಿದ.

"ನಾನೂ ಸೋರ್ತಿದೀನಾ?" ಎಂದು ನೀರುಗಂಟಿ ನಗಲು ನೋಡಿದ. ಕಿವಿಯಣ್ಣನ ಮುಖ ಕಂಡು ಆ ನಗುವನ್ನು ಅರ್ಧಕ್ಕೇ ನುಂಗಿದ. "ಯಾರಿಗೂ ಹೇಳಲ್ಲ ಬಿಡು. ನೀನು ಹೇಳೋವರೆಗೂ ನಾನು ಹೇಳಲ್ಲ."

ಮಾರನೆಯ ದಿನ ಹೆಂಡತಿ ಅವನನ್ನು ಕೈ ಹಿಡಿದು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ, ತಲೆಗೆ ಯಂತ್ರ ಹಾಕಿ, ಪೀಪೀ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಅವನು ಒತ್ತಿದ ಬೆರಳು ತೆಗೆಯಲೇ ಇಲ್ಲ.

"ಯಾವುದು ನಿಮ್ಮ ಪೀಪೀ, ಯಾವುದು ನನ್ನದು ಅಂತ ಗೊತ್ತಾಗ್ಲಿಲ್ಲ ಡಾಕ್ಟ್ರೇ," ಎಂದ ಹೊರಗೆ ಬಂದು. "ಎಲ್ಲಿ ಸೋರ್ತಿದೆ, ಅಷ್ಟು ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. "ಎಲ್ಲೂ ಸೋರ್ತಿಲ್ಲ. ಆ ದೊಡ್ಡ ಸದ್ದಿಗೆ ಒಳಗೆ ಪೆಟ್ಟಾಗಿದೆ. ಹೊರಗಿಂದ ಬರದ ಸದ್ದನ್ನ ತಲೆ ತಾನೇ ಹುಟ್ಟಿಸ್ತಿದೆ. ಮೊದಲು ಆ ಹತ್ತಿ ತೆಗೀರಿ. ಸದ್ದಿಂದ ತಪ್ಪಿಸ್ಕೊಂಡಷ್ಟೂ ಸಣ್ಣ ಸದ್ದೂ ಚುಚ್ಚೋಕೆ ಶುರು ಮಾಡುತ್ತೆ. ಮನೇಲಿ ಫ್ಯಾನೋ ಏನೋ ಒಂದು ಮೆತ್ತಗಿನ ಸದ್ದು ಇರಲಿ."

"ಹೋಗುತ್ತಾ ಇದು?"

"ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ. ದಿನ ಕಳೆದ ಹಾಗೆ ನೀವು ಅದನ್ನ ಗಮನಿಸೋದು ಕಡಿಮೆಯಾಗುತ್ತೆ."

"ನನ್ನ ಕೆಲಸವೇ ಗಮನಿಸೋದು ಡಾಕ್ಟ್ರೇ," ಎಂದ ಕಿವಿಯಣ್ಣ.

ದಾರಿಯುದ್ದಕ್ಕೂ ಹೆಂಡತಿ ಒಂದೇ ಮಾತು ಹೇಳಿದಳು. "ಆಫೀಸಲ್ಲಿ ಹೇಳಿಬಿಡಿ."

"ಹೇಳಿ? ನಟ್ಟು ಎಣಿಸ್ತಾ ಕೂರ್ಲಾ? ಕಿವಿಯಣ್ಣ ಅಂತ ಕರೆಯೋರು ಆಮೇಲೆ ಏನಂತ ಕರೀಬೇಕು?"

"ನಾನಂತೂ ಯಾವತ್ತೂ ಹಾಗೆ ಕರೆದೋಳಲ್ಲ," ಎಂದಳು ಅವಳು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಇಳಿಜಾರು ರಸ್ತೆ ಹೊಸ ಚಪ್ಪಲಿಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಸೋರಿಕೆ ಹುಡುಕಲು ಗಾಡಿಗಳು ಏಳದ ಹೊತ್ತೇ ಬೇಕು. ಗಾಡಿಗಳೇನೋ ಎದ್ದಿರಲಿಲ್ಲ, ಅರವತ್ತು ಮನೆಯವರು ಎದ್ದಿದ್ದರು. ಖಾಲಿ ಬಕೆಟ್ಟು, ಖಾಲಿ ಕೊಡ, ಕೆಲವರು ಖಾಲಿ ಪಾತ್ರೆಯನ್ನೂ ಹಿಡಿದು ರಸ್ತೆಯ ಎರಡೂ ಬದಿ ನಿಂತಿದ್ದರು. ಒಂದು ಬಕೆಟ್ಟಿನ ಹಿಡಿಕೆ ಟಣ್ ಎಂದು ಬಿದ್ದರೂ ಕಿವಿಯಣ್ಣನ ಭುಜ ಕಿವಿಯವರೆಗೆ ಏರುತ್ತಿತ್ತು. ಹತ್ತಿಯನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ.

"ಐದು ದಿನ ಆಯ್ತು ಸ್ವಾಮಿ, ತೊಟ್ಟು ನೀರಿಲ್ಲ," ಎಂದಳು ಒಬ್ಬ ಮುದುಕಿ. "ನೀವು ಬಂದ್ರಲ್ಲ, ಇನ್ನು ಚಿಂತೆಯಿಲ್ಲ. ನನ್ನ ಮಗಳ ಮನೆ ಹತ್ತಿರ ಮೂರಾಳು ಆಳದಲ್ಲಿ ಸೋರ್ತಿದ್ದನ್ನ ನೀವು ಚಪ್ಪಲಿ ಬಿಚ್ಚದೇನೇ ಹೇಳಿದ್ರಂತೆ."

ಆ ಕಥೆಯನ್ನು ಹುಟ್ಟಿಸಿದ್ದೂ ಅವನೇ.

ಕೋಲು ಊರಿದ. ಸುಂಯ್. ಹತ್ತು ಹೆಜ್ಜೆ ಇಳಿದು ಊರಿದ. ಸುಂಯ್. ಬಲಗಿವಿ ಇಟ್ಟ, ಎಡಗಿವಿ ಇಟ್ಟ, ಉಸಿರು ಕಟ್ಟಿದ, ಉಸಿರು ಬಿಟ್ಟ. ನೀರುಗಂಟಿಗೆ ಸನ್ನೆ ಮಾಡಿ ವಾಲ್ವ್ ಮುಚ್ಚಿಸಿದ, ತೆರೆಸಿದ, ಮತ್ತೆ ಮುಚ್ಚಿಸಿದ, ಮತ್ತೆ ತೆರೆಸಿದ. ಮುಚ್ಚಿದರೂ ಅದೇ, ತೆರೆದರೂ ಅದೇ. ಇಳಿಜಾರನ್ನು ಎರಡು ಸಲ ಇಳಿದು ಎರಡು ಸಲ ಹತ್ತಿದ. ಅಂಗಿ ಬೆನ್ನಿಗೆ ಅಂಟಿತು. ಇಂಜಿನಿಯರಮ್ಮ ಗಡಿಯಾರ ನೋಡಿಕೊಂಡರು.

ಆ ಹೊತ್ತಿನಲ್ಲಿ ಅವನ ತಲೆಗೆ ಬಂದದ್ದು ಇಷ್ಟೇ: ಇಲ್ಲಿ ಎಂದು ಬೆರಳು ತೋರಿಸಿದರಾಯಿತು. ನೂರಕ್ಕೆ ಒಂದು ಸರಿ ಬಿದ್ದೀತು. ಬಿದ್ದರೆ ಇನ್ನೊಂದು ಕಥೆ. ಜೇಬಿನಿಂದ ಸೀಮೆಸುಣ್ಣ ತೆಗೆದ. ಕೂತ. ಡಾಂಬರಿನ ಮೇಲೆ ಗುಣಿಸುವ ಗುರುತಿನ ಒಂದು ಗೆರೆ ಎಳೆದ.

ರೇಡಿಯೋ ಹಾರೆ ಎತ್ತಿಕೊಂಡು ಬಂದಳು. "ಇಲ್ಲೇ ತಾನೇ ಅಣ್ಣ? ಹೇಳಿಬಿಡು. ಬಂಡೆ ಇದ್ರೂ ಸರಿ, ಒಡೆದು ಹಾಕ್ತೀನಿ." ಒಣ ಗುಂಡಿಯಲ್ಲಿ ಎದ್ದ ಬೊಬ್ಬೆಗಳಿಗೆ ಅವಳು ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಟ್ಟೆಯ ಮೇಲೆ ಕಂದು ಕಲೆಯಿತ್ತು.

ಕಿವಿಯಣ್ಣ ಆ ಕೈಗಳನ್ನು ನೋಡಿದ. ಎರಡನೆಯ ಗೆರೆ ಎಳೆಯಲು ಅವನಿಂದ ಆಗಲಿಲ್ಲ. ಎದ್ದು ನಿಂತು ಚಪ್ಪಲಿಯಿಂದ ಮೊದಲನೆಯದನ್ನೂ ಉಜ್ಜಿ ಅಳಿಸಿದ.

"ನನಗೆ ಕೇಳಿಸ್ತಿಲ್ಲ," ಎಂದ.

"ಏನು?" ಎಂದರು ಇಂಜಿನಿಯರಮ್ಮ.

"ಕಿವಿ ಹಾಳಾಗಿದೆ ಅಮ್ಮ. ಆರು ತಿಂಗಳಾಯ್ತು. ಯಾವಾಗ್ಲೂ ಒಳಗೇ ಸೋರೋ ಸದ್ದು ಬರ್ತಿರುತ್ತೆ. ಆ ಎರಡು ಗುಂಡೀನೂ ನನ್ನ ಕಿವೀನೇ ಅಗೆಸಿದ್ದು." ತಾನು ಹೇಳುತ್ತಿರುವುದು ಜೋರಾಗಿಯೋ ಮೆಲ್ಲಗೋ ಅವನಿಗೆ ತಿಳಿಯಲಿಲ್ಲ. ರಸ್ತೆಯ ಆ ಕೊನೆಯವರೂ ಅವನ ಕಡೆ ತಿರುಗಿದ್ದು ನೋಡಿದರೆ ಜೋರಾಗಿಯೇ ಹೇಳಿರಬೇಕು.

ಮುದುಕಿ ಕೊಡವನ್ನು ಕೆಳಗಿಟ್ಟಳು. ಇಂಜಿನಿಯರಮ್ಮ ಫೋನು ತೆಗೆದರು. ಯಂತ್ರಕ್ಕೇ ಇರಬೇಕು.

"ಒಂದು ನಿಮಿಷ," ಎಂದ ಕಿವಿಯಣ್ಣ, ಕೋಲನ್ನು ರೇಡಿಯೋಳ ಕಡೆ ಚಾಚಿ. "ಹಿಡಿಯೇ ಇದನ್ನ."

"ನಾನಾ? ಅಣ್ಣ, ನಾನು ಬಾಯಿ ಇರೋಳು, ಕಿವಿ ಇರೋಳಲ್ಲ."

"ಬಾಯೇ ಬೇಕಾಗಿರೋದು. ಕೇಳು, ಕೇಳಿದ್ದನ್ನ ಹೇಳು. ಏನು ಅಂತ ಹೇಳ್ಬೇಡ, ಹೇಗಿದೆ ಅಂತ ಹೇಳು. ಏನು ಅಂತ ನಾನು ಹೇಳ್ತೀನಿ."

ಇಂಜಿನಿಯರಮ್ಮನ ಬೆರಳು ಫೋನಿನ ಮೇಲೇ ನಿಂತಿತು. "ಅರ್ಧ ಗಂಟೆ," ಎಂದರು.

ರೇಡಿಯೋ ಬಟ್ಟೆ ಸುತ್ತಿದ ಕೈಯಲ್ಲಿ ಕೋಲು ಹಿಡಿದು ಕಿವಿಯಿಟ್ಟಳು. ಹುಟ್ಟಿದಾಗಿನಿಂದ ಅವಳು ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಇದೇ ಮೊದಲಿರಬೇಕು.

"ಗುಂಯ್ ಅಂತಿದೆ. ಜೇನುಗೂಡಿಗೆ ಕಿವಿ ಇಟ್ಟ ಹಾಗೆ."

"ಅದು ಕರೆಂಟಿನ ತಂತಿ. ಬಿಡು, ಕೆಳಗೆ ನಡಿ."

"ಗೊಳಗೊಳ ಅಂತಿದೆ. ಹಲ್ಲಿಲ್ಲದೋರು ಬಾಯಿ ಮುಕ್ಕಳಿಸಿದ ಹಾಗೆ."

"ಚರಂಡಿ. ಇನ್ನೂ ಕೆಳಗೆ."

ಅವಳು ಊರುತ್ತಾ ಹೋದಳು, ಅವನು ಅವಳ ಪಕ್ಕದಲ್ಲೇ ಕೈ ಹಿಸುಕಿಕೊಳ್ಳುತ್ತಾ ನಡೆದ. ಹಸಿದವನು ಪಕ್ಕದವರ ಊಟ ನೋಡುವ ಹಾಗೆ ಅವಳ ಹುಬ್ಬನ್ನು, ತುಟಿಯನ್ನು ನೋಡುತ್ತಿದ್ದ. ಮೂಲೆಯ ಹಳದಿ ಮನೆ ದಾಟಿದ ಮೇಲೆ ಅವಳ ಹುಬ್ಬು ಕೂಡಿಕೊಂಡಿತು.

"ಸ್ಸ್ಸ್ ಅಂತಿದೆ. ಖಾರ ತಿಂದು ಹಲ್ಲು ಸಂದಿಯಿಂದ ಗಾಳಿ ಎಳ್ಕೊಂಡ ಹಾಗೆ."

"ಬಿಟ್ಟು ಬಿಟ್ಟಾ, ಒಂದೇ ಸಮನೆಯಾ?"

"ಒಂದೇ ಸಮನೆ."

"ಅದರ ಅಡೀಲಿ ಏನಾದ್ರೂ ಇದ್ಯಾ? ಸಣ್ಣಗೆ? ಅವಸರ ಮಾಡ್ಬೇಡ."

"ತಡಿ... ಇದೆ. ಟಿಕಿಟಿಕಿ ಅಂತ. ಡಬ್ಬೀಲಿ ಕಲ್ಲು ಹಾಕಿ ದೂರದಲ್ಲಿ ಯಾರೋ ಅಲ್ಲಾಡಿಸಿದ ಹಾಗೆ."

ಕಿವಿಯಣ್ಣ ತಟ್ಟನೆ ನಿಂತ. ಚಿಮ್ಮುವ ನೀರು ಜಲ್ಲಿಯನ್ನು ಕುಣಿಸುವ ಸದ್ದು ಅದು. ಕಳ್ಳನ ಹೆಜ್ಜೆಯ ಹಾಗೆ ಅವನಿಗೆ ಅದರ ಗುರುತಿತ್ತು. ನೀರುಗಂಟಿಗೆ ಕೈಯೆತ್ತಿ ಸನ್ನೆ ಮಾಡಿದ. ಕೀಲಿ ತಿರುಗಿತು.

"ಈಗ?"

"ಇದೆ. ಇದೆ. ಸಣ್ಣಗಾಗ್ತಿದೆ. ಇನ್ನೂ ಸಣ್ಣಗೆ..." ರೇಡಿಯೋ ಕಣ್ಣು ತೆರೆದಳು. "ಹೋಯ್ತು."

ವಾಲ್ವ್ ತೆರೆಸಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಕೇಳಿಸಿ, ಮತ್ತೆ ಮುಚ್ಚಿಸಿ, ಕಿವಿಯಣ್ಣ ಕೂತು ಗುರುತು ಹಾಕಿದ. ಎರಡೂ ಗೆರೆ. ಅವಳು ಹಾರೆಗೆ ಕೈಹಾಕಿದಾಗ ಅವನು ಕಸಿದುಕೊಂಡ. "ನೀನು ಕೂರು. ಆ ಕೈಯಲ್ಲಿ ಏನು ಅಗೀತೀಯ," ಎಂದು ತಾನೇ ಡಾಂಬರಿಗೆ ಮೊದಲ ಏಟು ಹಾಕಿದ. ಹಾರೆ ಕಲ್ಲಿಗೆ ತಾಗಿದ ಸದ್ದು ತಲೆಬುರುಡೆಯನ್ನು ಸೀಳಿಕೊಂಡು ಹೋಯಿತು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಏಟು ಹಾಕಿದ. ಅಷ್ಟರಲ್ಲಿ ನೀರುಗಂಟಿ ಗುದ್ದಲಿ ತಂದು ಎದುರಿಗೆ ನಿಂತ.

ಮೂರು ಗೇಣಿಗೆ ಮಣ್ಣಿನ ಬಣ್ಣ ಬದಲಾಯಿತು. ನಾಲ್ಕನೆಯ ಗೇಣಿಗೆ ಕೆಸರು. ನೀರುಗಂಟಿ ಓಡಿಹೋಗಿ ವಾಲ್ವನ್ನು ಒಂದು ಸುತ್ತು ಬಿಟ್ಟದ್ದೇ ತಡ, ಗುಂಡಿಯ ತಳದಿಂದ ನೀರು ಎದ್ದು ಇಂಜಿನಿಯರಮ್ಮನ ಕನ್ನಡಕದವರೆಗೆ ಹಾರಿತು. ಅರವತ್ತು ಮನೆಯವರೂ ಒಮ್ಮೆಗೇ ಹೋ ಎಂದು ಕೂಗಿ ಬಕೆಟ್ಟು ಬಡಿದರು. ಕಿವಿಯಣ್ಣ ಕೆಸರಿನ ಅಂಗೈಗಳಿಂದ ಎರಡೂ ಕಿವಿ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು, ಬಾಯಗಲ ನಗುತ್ತಾ ನೀರಲ್ಲಿ ನಿಂತಿದ್ದ.

ಪೈಪಿಗೆ ಪಟ್ಟಿ ಬಿಗಿಯುವಷ್ಟರಲ್ಲಿ ಬಿಸಿಲು ಹಳದಿ ಮನೆಯ ಗೋಡೆ ಇಳಿದು ರಸ್ತೆಗೆ ಬಂದಿತ್ತು. ಇಂಜಿನಿಯರಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು. "ಆರು ತಿಂಗಳು ಮುಚ್ಚಿಟ್ರಿ. ಅದರ ಬಗ್ಗೆ ನಾಳೆ ಮಾತಾಡೋಣ," ಎಂದರು. ಆಮೇಲೆ ರೇಡಿಯೋಳ ಕಡೆ ನೋಡಿ, "ಇಬ್ಬರ ಹತ್ರಾನೂ," ಎಂದು ಸೇರಿಸಿದರು.

ಮುಚ್ಚುವ ಮೊದಲು ಒಂದು ಕೆಲಸ ಬಾಕಿಯಿತ್ತು. ಪೂರ್ತಿ ನೀರು ಬಿಟ್ಟು ಕಡೆಯದಾಗಿ ಒಮ್ಮೆ ಕೇಳಬೇಕು, ಇನ್ನೆಲ್ಲೂ ಸೋರಿಕೆ ಉಳಿದಿಲ್ಲವೆಂದು ಗಟ್ಟಿಮಾಡಿಕೊಳ್ಳಬೇಕು. ನೀರುಗಂಟಿ ಹದಿನಾಲ್ಕು ಸುತ್ತೂ ಬಿಟ್ಟ. ಇಂಜಿನಿಯರಮ್ಮ ಕೈಯೆತ್ತಿದರು, ರಸ್ತೆ ತಣ್ಣಗಾಯಿತು. ರೇಡಿಯೋ ಕೋಲು ಊರಿ ಬಗ್ಗಿದಳು.

"ಹೇಗಿದೆ?" ಎಂದ ಕಿವಿಯಣ್ಣ.

"ಏನೂ ಇಲ್ಲಣ್ಣ."

"ಸರಿಯಾಗಿ ಕೇಳು."

"ಕೇಳ್ದೆ. ಏನೂ ಇಲ್ಲ."

ಕಿವಿಯಣ್ಣ ಒಂದು ಹೆಜ್ಜೆ ಹತ್ತಿರ ಬಂದ. ಒಣಗುತ್ತಿದ್ದ ಕೆಸರು ಅವನ ಕಿವಿಯ ಸುತ್ತ ಬಿರುಕು ಬಿಟ್ಟಿತ್ತು.

"ಏನೂ ಇಲ್ಲ ಅಂದ್ರೆ, ಹೇಗಿದೆ?"

ರೇಡಿಯೋ ಬಾಯಿ ತೆರೆದಳು. ಜೇನುಗೂಡು, ಹಲ್ಲಿಲ್ಲದ ಬಾಯಿ, ಕಲ್ಲಿನ ಡಬ್ಬಿ, ಎಲ್ಲದಕ್ಕೂ ಮಾತು ಸಿಕ್ಕಿದವಳಿಗೆ ಇದಕ್ಕೆ ಸಿಗಲಿಲ್ಲ. ಅವಳು ಅವನ ಮುಖ ನೋಡಿದಳು, ಬಾಯಿ ಮುಚ್ಚಿದಳು, ಕೋಲನ್ನು ಇನ್ನೊಂದು ಸಲ ಸರಿಯಾಗಿ ಊರಿ, ಬಟ್ಟಲಿಗೆ ಕಿವಿ ಕೊಟ್ಟು ಮತ್ತೆ ಕಣ್ಣು ಮುಚ್ಚಿಕೊಂಡಳು. ಬಕೆಟ್ಟು ಹಿಡಿದವರೆಲ್ಲ ಉಸಿರು ಬಿಗಿಹಿಡಿದು ನಿಂತರು. ಕಿವಿಯಣ್ಣ ಅಲುಗಾಡದೆ ಅವಳ ಮುಖವನ್ನೇ ನೋಡುತ್ತಿದ್ದ.